ದೊಡ್ಡೋರ ದನಿ ಅಡಗಿದ ದಿನ

ಒಂದು ತಿಂಗಳಿನಿಂದ ಆ ಕಂಪ್ಯೂಟರು ದಿನವೂ ಒಂದೇ ಪ್ರಶ್ನೆ ಕೇಳುತ್ತಿತ್ತು. ಹೊಸ ಸಿಸ್ಟಂ ಬಂದಿದೆ, ಈಗಲೇ ಹಾಕಲೇ, ಆಮೇಲೆ ಹಾಕಲೇ? ಇಪ್ಪತ್ತಮೂರು ದಿನ ಅವನು 'ಆಮೇಲೆ' ಒತ್ತಿದ. ಇಪ್ಪತ್ತನಾಲ್ಕನೆಯ ದಿನ, ಸಂಜೆ ಮನೆಗೆ ಹೊರಡುವ ಹೊತ್ತಿಗೆ, ಅವನಿಗೆ ನಾಚಿಕೆಯಾಯಿತು. ಒಂದು ದಿನವೂ ಮುಖ ಸಿಂಡರಿಸದೆ, ದನಿ ಏರಿಸದೆ ಕೇಳುವವರಿಗೆ ಎಷ್ಟು ಸಲ ಅಂತ ಇಲ್ಲ ಅನ್ನುವುದು? 'ಈಗಲೇ' ಒತ್ತಿ, ಚೀಲ ಹೆಗಲಿಗೇರಿಸಿ ಹೊರಟುಹೋದ.

ಅಂಥ ಮನುಷ್ಯ ಅವನು. ಯಾರು ಏನು ಕೇಳಿದರೂ 'ಆಗ್ಲಿ' ಅನ್ನುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಆಗ್ಲಪ್ಪ ಎಂದೇ ಕರೆಯುತ್ತಿದ್ದರು. ಅದಕ್ಕೂ ಅವನು ಆಗ್ಲಿ ಅಂದಿದ್ದ.

ಅಂಗಿಯ ಕೊರಳಪಟ್ಟಿಯೊಳಗೆ ಹೊಲಿಯುವ ಲೇಬಲ್ಲುಗಳನ್ನು ನೇಯುವ ಕಾರ್ಖಾನೆ ಅದು. ಬಿಸಿನೀರಿನಲ್ಲಿ ಒಗೆಯಬೇಡಿ, ಹಿಂಡಬೇಡಿ, ನೆರಳಿನಲ್ಲಿ ಒಣಗಿಸಿ ಎಂಬ ಉಪದೇಶಗಳೆಲ್ಲ ಅಲ್ಲಿಂದಲೇ ಹೊರಡುತ್ತಿದ್ದವು. ಲೇಬಲ್ಲಿನ ನಮೂನೆ ಬಿಡಿಸಿ ಮಗ್ಗಕ್ಕೆ ಕಳಿಸುವ ಪ್ರೋಗ್ರಾಮನ್ನು ಬರೆದವರು ಕಾರ್ಖಾನೆಯ ಯಜಮಾನರು, ಎಲ್ಲರ ಬಾಯಲ್ಲಿ ದೊಡ್ಡೋರು. ಅವರು ತೀರಿಕೊಂಡು ಆರು ವರ್ಷವಾಗಿತ್ತು. ದನಿ ಮಾತ್ರ ಹೋಗಿರಲಿಲ್ಲ. ಬದುಕಿದ್ದಾಗಲೇ ಅದನ್ನು ಪ್ರೋಗ್ರಾಮಿನೊಳಗೆ ತುಂಬಿಟ್ಟಿದ್ದರು. ಬೆಳಗ್ಗೆ ಅದನ್ನು ತೆರೆದರೆ ಮೊದಲು ಒಂದು ಕೆಮ್ಮು. ಆಮೇಲೆ, "ಹೊತ್ತಾಯ್ತು! ಕೆಲಸ ನೋಡಿ!" ನಡುವೆ ಯಾವುದಾದರೂ ಗುಂಡಿ ತಪ್ಪಿ ಒತ್ತಿದರೆ, "ತಪ್ಪು! ಮತ್ತೆ ನೋಡು!"

ಬೆಳಗಿನ ಆ ದನಿ ಬಂದಾಗ ಎಲ್ಲರೂ ಎದ್ದು ನಿಲ್ಲುವುದು ಅಲ್ಲಿಯ ರೂಢಿ. ದೊಡ್ಡೋರ ಹೆಂಡತಿ, ಈಗಿನ ಯಜಮಾನಿ ಅಮ್ಮನವರು, ಸರಿಯಾಗಿ ಹತ್ತು ಗಂಟೆಗೆ ಬಂದು ಕಂಪ್ಯೂಟರಿನ ಪಕ್ಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ದನಿ ಮುಗಿದ ಮೇಲೆ ಉದ್ದಕ್ಕೆ ನಿಟ್ಟುಸಿರು ಬಿಟ್ಟು ತಮ್ಮ ಕೋಣೆಗೆ ಹೋಗುತ್ತಿದ್ದರು. ಆ ನಿಟ್ಟುಸಿರಿಗೆ ಮ್ಯಾನೇಜರ ಕಣ್ಣು ದಿನವೂ ತುಂಬುತ್ತಿತ್ತು. ಈ ದನಿಗೋಸ್ಕರ ಆ ಹಳೆಯ ಕಂಪ್ಯೂಟರನ್ನೂ, ಅದರೊಳಗಿನ ಹಳೆಯ ಸಿಸ್ಟಮ್ಮನ್ನೂ, ತಯಾರಿಸಿದ ಕಂಪನಿಯೇ ಕೈಬಿಟ್ಟಿದ್ದರೂ, ಇವರು ಬಿಟ್ಟಿರಲಿಲ್ಲ.

ಮರುದಿನ ಬೆಳಗ್ಗೆ ಆಗ್ಲಪ್ಪ ಬಂದು ನೋಡಿದರೆ ಪರದೆಯ ತುಂಬ ಒಂದು ಬೆಟ್ಟ, ಬೆಟ್ಟದ ಕೆಳಗೆ ಒಂದು ಕೆರೆ. ದೊಡ್ಡೋರ ಪ್ರೋಗ್ರಾಮನ್ನು ಒತ್ತಿದ. 'ಈ ಪ್ರೋಗ್ರಾಂ ಈ ಸಿಸ್ಟಮ್ಮಿನಲ್ಲಿ ನಡೆಯುವುದಿಲ್ಲ' ಎಂದು ಬಂತು. ಮತ್ತೆ ಒತ್ತಿದ. ಮತ್ತೆ ಅದೇ.

ಬೇರೆ ದಿನವಾಗಿದ್ದರೆ ಹೇಗೋ ಇರುತ್ತಿತ್ತು. ನಮೂನೆ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗಿ ಎರಡು ತಿಂಗಳಾಗಿತ್ತು, ಆ ದಿನ ನಾಲ್ಕು ಗಂಟೆಗೆ ಅಮ್ಮನವರು ಹೆಸರು ಹೇಳುವವರಿದ್ದರು. ಆ ಕುರ್ಚಿಗೆ ಇದ್ದವರು ಇಬ್ಬರೇ, ಹನ್ನೊಂದು ವರ್ಷದಿಂದ ಅಲ್ಲೇ ಬೆನ್ನು ಬಗ್ಗಿಸಿದ ಆಗ್ಲಪ್ಪ ಮತ್ತು ಸ್ಟೋರ್ ಕೀಪರು. ಆಗ್ಲಪ್ಪನ ಹೆಂಡತಿಯಂತೂ ಗಂಡನಿಗೆ ಬಡ್ತಿ ಬಂದಾಯಿತು ಎಂದು ಇಡೀ ವಠಾರಕ್ಕೆ ಹೇಳಿ ಮುಗಿಸಿದ್ದಳು.

"ಏನ್ರೀ ಇದು, ಬೆಟ್ಟ?" ಎಂದು ಬೆನ್ನ ಹಿಂದೆ ಮ್ಯಾನೇಜರ ದನಿ ಕೇಳಿಸಿತು.

"ಹೊಸ ಸಿಸ್ಟಂ ಸಾರ್. ಅದೇ ಕೇಳ್ತು... ನಾನು ಆಗ್ಲಿ ಅಂದೆ."

"ದೊಡ್ಡೋರು?"

"ಮಾತಾಡ್ತಿಲ್ಲ ಸಾರ್."

ಮ್ಯಾನೇಜರು ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತರು. "ಅಯ್ಯೋ ಪಾಪಿ! ಅವರನ್ನ ಎರಡನೇ ಸಲ ಕಳಕೊಂಡ್ವಲ್ರೀ!"

ಸ್ಟೋರ್ ಕೀಪರು ತನ್ನ ಕುರ್ಚಿಯಲ್ಲೇ ಕುಳಿತು ಉಗುರು ಕತ್ತರಿಸುತ್ತಿದ್ದ. ಈ ಕಡೆಗೊಮ್ಮೆ ಕಣ್ಣೆತ್ತಿ ನೋಡಿ, "ನಾನಂತೂ ಅದರ ಹತ್ರಾನೂ ಬರಲ್ಲಪ್ಪ" ಎಂದು ಮುಂದಿನ ಬೆರಳು ಹಿಡಿದ.

ಗಡಿಯಾರ ಹತ್ತು ಹೊಡೆಯಿತು. ಅಮ್ಮನವರು ಬಂದರು. ಎಲ್ಲರೂ ಎದ್ದು ನಿಂತರು. ಅಮ್ಮನವರು ಎಂದಿನಂತೆ ಮೇಜಿನ ಪಕ್ಕ ಕಣ್ಣು ಮುಚ್ಚಿ ಕಾದರು. ಕೆಮ್ಮು ಬರಲಿಲ್ಲ. ಅಮ್ಮನವರು ಒಂದು ಕಣ್ಣು ತೆರೆದರು.

"ಏನಾಯ್ತು?"

"ಸ್ವಲ್ಪ... ರಿಪೇರಿ ಅಮ್ಮಾ" ಅಂದ ಆಗ್ಲಪ್ಪ. "ನಾನೇ ಏನೋ ಒತ್ತಿಬಿಟ್ಟೆ."

"ಹಾಗಾದ್ರೆ ಮಾತಾಡಲ್ವಾ?"

"ಸದ್ಯಕ್ಕೆ ಇಲ್ಲಮ್ಮಾ."

ಅಮ್ಮನವರು ಬೆಟ್ಟವನ್ನೂ ಕೆರೆಯನ್ನೂ ಬಹಳ ಹೊತ್ತು ನೋಡಿದರು. "ಅವಸರ ಏನಿಲ್ಲ. ನಿಧಾನವಾಗಿ ಮಾಡಿ" ಎಂದು ಹೇಳಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲನ್ನು ಅವರು ಹಾಕಿಕೊಂಡಿದ್ದನ್ನು ಇದುವರೆಗೆ ಯಾರೂ ನೋಡಿರಲಿಲ್ಲ.

"ಕೇಳಿಸ್ಕೊಂಡ್ರಾ?" ಮ್ಯಾನೇಜರು ಪಿಸುಗುಟ್ಟಿದರು. "ಅಮ್ಮನವರು ಅವಸರ ಇಲ್ಲ ಅಂದ್ರೆ ಏನರ್ಥ ಗೊತ್ತಾ? ಹೋದ ವರ್ಷ ದಾರದ ಏಜೆಂಟ್‌ಗೆ ಹೀಗೇ ಅಂದಿದ್ರು. ಆಮೇಲೆ ಅವನ ಮುಖ ಯಾರಾದ್ರೂ ನೋಡಿದ್ರಾ? ನಾಲ್ಕು ಗಂಟೆ ಒಳಗೆ ದೊಡ್ಡೋರು ಮಾತಾಡಬೇಕು. ಇಲ್ದಿದ್ರೆ ಕುರ್ಚಿ ಹಾಗಿರ್ಲಿ, ನಿಮ್ಮ ಸ್ಟೂಲೂ ಉಳಿಯಲ್ಲ."

ಆಗ್ಲಪ್ಪ ಸಹಾಯವಾಣಿಗೆ ಫೋನು ಮಾಡಿದ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು.

"ಸಾರ್, ಆ ಸಿಸ್ಟಂ ನಿಂತುಹೋಗಿ ತುಂಬ ವರ್ಷ ಆಯ್ತು. ಈಗ ಅದಕ್ಕೆ ನಮ್ಮ ಕಡೆಯಿಂದ ಏನೂ ಸಿಗಲ್ಲ. ಅದು ಬಂದಾಗ ನಾನು ಮೂರನೇ ಕ್ಲಾಸು, ಸಾರ್. ಹೊಸದು ತುಂಬ ಚೆನ್ನಾಗಿದೆಯಲ್ಲ?"

"ಚೆನ್ನಾಗಿದೆಯಮ್ಮ, ಬೆಟ್ಟ ಗಿಟ್ಟ ಎಲ್ಲ ಇದೆ. ಆದರೆ ನಮ್ಮ ಯಜಮಾನರು ಅದರಲ್ಲಿ ಮಾತಾಡ್ತಿಲ್ಲ."

"ಯಜಮಾನರಿಗೆ ಫೋನ್ ಕೊಡಿ ಸಾರ್, ನಾನೇ ವಿವರಿಸ್ತೀನಿ."

ಅವನು ಫೋನಿಟ್ಟುಬಿಟ್ಟ. ಬೀದಿಯ ಕೊನೆಯ ಕಂಪ್ಯೂಟರ್ ಅಂಗಡಿಯವನಿಗೆ ಮಾಡಿದರೆ ಅವನು ಒಂದು ನಿಮಿಷ ನಕ್ಕ. ನಗು ಮುಗಿಸಿ, "ಮೂಲ ಡಿಸ್ಕ್ ಇದ್ರೆ ಹಳೇದನ್ನೇ ಹಾಕ್ಕೋಬಹುದು ಸಾರ್. ಆದ್ರೆ ಆ ಡಿಸ್ಕ್‌ನ ಈಗ ಯಾರು ಇಟ್ಕೊಂಡಿರ್ತಾರೆ?" ಅಂದ.

ಯಾರು ಇಟ್ಟುಕೊಂಡಿದ್ದಾರೆ ಎಂಬುದು ಆಗ್ಲಪ್ಪನಿಗೆ ಥಟ್ಟನೆ ಹೊಳೆಯಿತು. ಮೂರು ವರ್ಷದ ಹಿಂದೆ ಕಾರ್ಖಾನೆಯ ಕಪಾಟು ಖಾಲಿ ಮಾಡುವಾಗ ಒಂದು ಕಟ್ಟು ಹಳೆಯ ಡಿಸ್ಕುಗಳನ್ನು ಎಸೆಯಲು ಹೊರಟಿದ್ದರು. ಅವನ ಹೆಂಡತಿ ಅಂಥವು ಬೇಕು ಅಂದಿದ್ದಳು. ಅವನು ಆಗ್ಲಿ ಎಂದು ಮನೆಗೆ ಒಯ್ದಿದ್ದ. ಆವತ್ತಿನಿಂದ ಹನ್ನೊಂದು ಡಿಸ್ಕುಗಳು ಅವನ ಮನೆಯ ಮೂರನೇ ಮಹಡಿಯ ಬಾಲ್ಕನಿಯಾಚೆ ದಾರದಲ್ಲಿ ನೇತಾಡುತ್ತ, ಪಾರಿವಾಳಗಳನ್ನು ಹೆದರಿಸುತ್ತಿದ್ದವು.

ಹೊರಡುವ ಮುಂಚೆ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ. ದೊಡ್ಡೋರ ಪ್ರೋಗ್ರಾಮನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ, ಜೇಬಿನಲ್ಲಿಟ್ಟು, ಜೇಬಿಗೆ ಪಿನ್ನು ಹಾಕಿಕೊಂಡ. ಅಷ್ಟರಲ್ಲಿ ಅಮ್ಮನವರ ಕೋಣೆಗೆ ಟೀ ಕೊಟ್ಟುಬಂದ ಟೀ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮೇಜಿನ ಮೇಲೆ ತಲೆ ಇಟ್ಟು ಮಲಗಿಬಿಟ್ಟವ್ರೆ ಕಣ್ರಪ್ಪ. ಆರು ವರ್ಷದಲ್ಲಿ ಹೀಗೆ ನೋಡಿಲ್ಲ ನಾನು. ಎಬ್ಬಿಸೋಕೆ ಮನಸು ಬರಲಿಲ್ಲ."

"ದುಃಖ ಒಳಗಿಳಿದಿದೆ" ಅಂದರು ಮ್ಯಾನೇಜರು.

ಆಗ್ಲಪ್ಪ ಸ್ಕೂಟರು ಓಡಿಸಲಿಲ್ಲ, ಹಾರಿಸಿದ. ಹೆಂಡತಿ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳಿಗೆ ಹೇಳುತ್ತ ಕೂರಲು ವೇಳೆಯಿಲ್ಲದೆ, ಅಡುಗೆಮನೆಯ ಸ್ಟೂಲನ್ನು ಬಾಲ್ಕನಿಗೆ ಎಳೆದು, ಹತ್ತಿ, ಒಂದು ಕಾಲನ್ನು ಕಂಬಿಯ ಮೇಲಿಟ್ಟು ಹೊರಗೆ ಬಾಗಿದ. ಡಿಸ್ಕುಗಳು ಬಿಸಿಲಿಗೆ ಫಳಫಳ ಹೊಳೆದು ಕಣ್ಣು ಕುಕ್ಕಿದವು. ಕೈಗೆ ಇನ್ನೂ ಒಂದು ಗೇಣು ದೂರ. ಇನ್ನಷ್ಟು ಬಾಗಿದ.

"ದುಡುಕಬೇಡೀ!"

ಎದುರು ಮನೆಯ ನಿವೃತ್ತ ಮೇಷ್ಟ್ರು ತಮ್ಮ ಬಾಲ್ಕನಿಯಲ್ಲಿ ಎರಡೂ ಕೈ ಎತ್ತಿ ನಿಂತಿದ್ದರು. "ಎಂಥಾ ಕಷ್ಟ ಇದ್ರೂ ಮಾತಾಡಿ ಬಗೆಹರಿಸ್ಕೋಬಹುದು! ನನ್ನ ಮುಖ ನೋಡಿ! ಕೆಳಗೆ ನೋಡಬೇಡಿ!"

"ಏನೂ ಇಲ್ಲ ಮೇಷ್ಟ್ರೇ! ಡಿಸ್ಕು!"

"ಡಿಸ್ಕು ಜಾರಿದ್ರೆ ಆಪರೇಷನ್ ಮಾಡ್ತಾರ್ರೀ, ಬೆನ್ನುನೋವಿಗೆ ಯಾರಾದ್ರೂ ಜೀವ ಕಳ್ಕೋತಾರಾ?" ಮೇಷ್ಟ್ರು ಬೀದಿಗೆ ಬಗ್ಗಿ ಕೂಗಿದರು. "ಯಾರಾದ್ರೂ ಬೇಗ ಒಂದು ಜಮಖಾನ ಹಿಡೀರಪ್ಪಾ!"

ಬೀದಿಯ ಜನ ನಿಜವಾಗಿಯೂ ಜಮಖಾನ ತಂದರು. ನಾಲ್ಕು ಮೂಲೆಗೆ ನಾಲ್ಕು ಜನ ನಿಂತು, "ಈ ಕಡೆ ಬೀಳ್ತಾರೆ", "ಅಲ್ಲ, ಆ ಕಡೆ" ಎಂದು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ಗಲಾಟೆ ಕೇಳಿ ಸೋಪಿನ ಕೈಯಲ್ಲೇ ಓಡಿಬಂದ ಹೆಂಡತಿ ಗಂಡನ ಸೊಂಟವನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಬಡ್ತಿ ಸಿಗಲಿಲ್ಲ ಅಂದ್ರೆ ಹಾಳಾಗಿ ಹೋಗ್ಲಿ! ನೀವು ಇಳೀರಿ ಮೊದಲು!"

"ಸಿಗಬೇಕು ಅಂತಾನೇ ಹತ್ತಿದೀನಿ ಕಣೇ! ಆ ಡಿಸ್ಕು ಬಿಚ್ಚಿಕೊಡು!"

ವಿಷಯ ತಿಳಿದ ಮೇಲೆ ಅವಳು ಅಪ್ಪುಗೆ ಸಡಿಲಿಸಿದಳು. ಕೈಗೆ ಸಿಕ್ಕ ಡಿಸ್ಕುಗಳನ್ನು ಒಂದೊಂದೇ ತಿರುಗಿಸಿ ನೋಡಿದರು. ಆರನೆಯದರ ಮೇಲೆ ದೊಡ್ಡೋರ ಕೈಬರಹವಿತ್ತು. ಸಿಸ್ಟಮ್ಮಿನ ಹೆಸರು, ಅದರ ಕೆಳಗೆ ಹಾಕುವಾಗ ಕೊಡಬೇಕಾದ ಇಪ್ಪತ್ತೈದು ಅಕ್ಷರಗಳ ಸಂಖ್ಯೆ. ಬಿಸಿಲಿಗೆ ಮೊದಲ ಹದಿಮೂರು ಅಕ್ಷರ ಉಳಿದು, ಮಿಕ್ಕಿದ್ದು ಆವಿಯಾಗಿತ್ತು. ಮೇಲೆ ಪಾರಿವಾಳಗಳ ಅಭಿಪ್ರಾಯವೂ ಧಾರಾಳವಾಗಿತ್ತು. ಹೆಂಡತಿ ಅದನ್ನು ಹಿಂಬದಿಯಿಂದ ಮಾತ್ರ ಸೋಪು ಹಾಕಿ ತೊಳೆದು, ಒರೆಸಿ, ಕರವಸ್ತ್ರದಲ್ಲಿ ಸುತ್ತಿಕೊಟ್ಟಳು. ಆಗ್ಲಪ್ಪ ಕೆಳಗಿಳಿದು ಸ್ಕೂಟರು ಹತ್ತಿದಾಗ ಜಮಖಾನದವರು ಅವನನ್ನು ಸ್ವಲ್ಪ ಬೇಸರದಿಂದಲೇ ನೋಡಿದರು.

ಕಾರ್ಖಾನೆಯಲ್ಲಿ ಆಗಲೇ ಎರಡು ಗಂಟೆ. ಬಾಗಿಲಲ್ಲೇ ಟೀ ಅಕ್ಕ ಕಾದಿದ್ದಳು.

"ಈಗ ಒಳಗಿಂದ ಒಂಥರಾ ಸದ್ದು ಬರ್ತೈತೆ. ಊಂ... ಊಂ... ಅಂತ. ಬಾಯಿಗೆ ಸೆರಗು ಇಟ್ಕೊಂಡು ಅಳ್ತಾವ್ರೆ ಅಂತ ಕಾಣ್ತದೆ. ಮ್ಯಾನೇಜರು ಸಾರ್ ಕಿವಿ ಇಟ್ಟು ಕೇಳಿ, ತಾವೂ ಹೋಗಿ ಮುಖ ತೊಳ್ಕೊಂಡು ಬಂದ್ರು."

ಕುರ್ಚಿಯ ಆಸೆ ಒಂದು ಕಡೆಯಿರಲಿ, ಆ ವಯಸ್ಸಿನ ಹೆಂಗಸನ್ನು ತಾನು ಅಳಿಸಿದೆನಲ್ಲ ಎಂದು ಆಗ್ಲಪ್ಪನಿಗೆ ನಿಜವಾಗಿಯೂ ಸಂಕಟವಾಯಿತು.

ಡಿಸ್ಕು ಹಾಕಿದ. ಕಂಪ್ಯೂಟರು ಗರಗರ ಅಂದಿತು, ಸುಮ್ಮನಾಯಿತು, ಮತ್ತೆ ಗರಗರ ಅಂದಿತು. ಕೊನೆಗೆ ನೀಲಿ ಪರದೆ ಬಂದು, ಇದ್ದದ್ದನ್ನೆಲ್ಲ ಅಳಿಸಲೇ ಎಂದು ಕೇಳಿತು. ಆಗ್ಲಪ್ಪ ಜೇಬಿನ ಪಿನ್ನನ್ನು ಮುಟ್ಟಿ ನೋಡಿಕೊಂಡು ಅಳಿಸು ಅಂದ. ಆಮೇಲೆ ಅದು ಇಪ್ಪತ್ತೈದು ಅಕ್ಷರ ಕೇಳಿತು. ಹದಿಮೂರು ಡಿಸ್ಕಿನ ಮೇಲಿತ್ತು. ಉಳಿದದ್ದು ಕಂಪ್ಯೂಟರಿನ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ಇರಲೇಬೇಕು. ಆದರೆ ಆ ಚೀಟಿಯನ್ನು ಟೀ ಅಕ್ಕ ಭಕ್ತಿಯಿಂದ ಆರು ವರ್ಷ ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು.

"ದೊಡ್ಡೋರ ವಸ್ತು ಅಂತ ಸ್ವಲ್ಪ ಒತ್ತಿ ಒರೆಸ್ತಿದ್ದೆ" ಅಂದಳು ಅವಳು.

ಮ್ಯಾನೇಜರು ನೆಲದ ಮೇಲೆ ಅಂಗಾತ ಮಲಗಿ ಟಾರ್ಚನ್ನು ಓರೆಯಾಗಿ ಹಿಡಿದರು. ಆ ಬೆಳಕಿನಲ್ಲಿ ಅಚ್ಚಿನ ತಗ್ಗುಗಳು ಕಂಡವು. ಮೊದಲ ಅರ್ಧ ಪೂರಾ ಸವೆದಿತ್ತು, ಕೊನೆಯ ಅರ್ಧ ಉಳಿದಿತ್ತು. ಅವರು ಒಂದೊಂದೇ ಅಕ್ಷರವನ್ನು ಮಂತ್ರದಂತೆ ಹೇಳಿದರು, ಆಗ್ಲಪ್ಪ ಒಂದೊಂದಾಗಿ ಒತ್ತಿದ. ಯಂತ್ರ ಒಂದು ಕ್ಷಣ ಯೋಚಿಸಿ ಒಪ್ಪಿಕೊಂಡಿತು. ಮ್ಯಾನೇಜರು ಮಲಗಿದಲ್ಲೇ ಕೈಮುಗಿದರು.

"ಇಷ್ಟೆಲ್ಲ ಯಾಕೆ ಒದ್ದಾಡ್ತೀರೋ" ಎಂದು ಸ್ಟೋರ್ ಕೀಪರು ಆಕಳಿಸಿ, ಕಾಲು ಬದಲಿಸಿ ಕುಳಿತ.

ಮೂರು ಗಂಟೆ ಹತ್ತು ನಿಮಿಷಕ್ಕೆ ಹಳೆಯ ಸಿಸ್ಟಂ ಮರಳಿ ಬಂತು. ಪ್ರೋಗ್ರಾಮನ್ನು ಪೆನ್‌ಡ್ರೈವಿನಿಂದ ಇಳಿಸಿ ತೆರೆದ. ಅದೇ ಹಳೆಯ ಹಸಿರು ಪರದೆ ತೆರೆದುಕೊಂಡಿತು. ಎಲ್ಲರೂ ಎದ್ದು ನಿಂತರು.

ಕೆಮ್ಮಿಲ್ಲ. ಮಾತಿಲ್ಲ. ಬೇಕೆಂದೇ ತಪ್ಪು ಗುಂಡಿ ಒತ್ತಿದ. ಅದಕ್ಕೂ ಸದ್ದಿಲ್ಲ. ಅಂಗಡಿಯವನಿಗೆ ಫೋನು ಮಾಡಿದರೆ, "ಸೌಂಡಿಗೆ ಬೇರೆ ಡಿಸ್ಕ್ ಇರತ್ತೆ ಸಾರ್. ಅದನ್ನೂ ಹಾಕಬೇಕು" ಅಂದ. ಅದು ಎಲ್ಲಿದೆ ಎಂದು ಆಗ್ಲಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮನೆಗೆ ಹೋಗಿಬರಲು ಹೊತ್ತು ಸಾಲದು. ಹೆಂಡತಿಗೆ ಫೋನು ಮಾಡಿದ.

"ಯಾವುದು ಅಂತ ಗೊತ್ತಿಲ್ಲ ಕಣೇ. ಎಲ್ಲಾ ತಗೊಂಡು ಬಾ."

"ಪಾರಿವಾಳ ಬಂದು ಕೂತ್ರೆ?"

"ಕೂತ್ಕೊಳ್ಲಿ! ನನ್ನ ಕೆಲಸವೇ ಹಾರಿಹೋಗ್ತಿದೆ!"

ನಾಲ್ಕಕ್ಕೆ ಹನ್ನೆರಡು ನಿಮಿಷವಿದೆ ಅನ್ನುವಾಗ ಹೆಂಡತಿ ಆಟೋದಿಂದಿಳಿದು, ಉಳಿದ ಹತ್ತು ಡಿಸ್ಕುಗಳನ್ನು ದಾರದ ಸಮೇತ ಕೊರಳಿಗೆ ಹಾಕಿಕೊಂಡು ಓಡಿಬಂದಳು. ಅವಳ ಹಿಂದೆ, ಈ ಮನುಷ್ಯನನ್ನು ಒಂಟಿಯಾಗಿ ಬಿಡಬಾರದು ಎಂದು ಮೇಷ್ಟ್ರೂ ಬಂದಿದ್ದರು. ಮೊದಲನೆಯದು ಯಾವುದೋ ಮದುವೆಯ ವಿಡಿಯೊ. ಎರಡನೆಯದು ಖಾಲಿ. ಮೂರನೆಯದು ಒಳಗೇ ಸಿಕ್ಕಿಹಾಕಿಕೊಂಡು, ಮೇಷ್ಟ್ರು ತಮ್ಮ ಪೆನ್ನಿನ ತುದಿಯಿಂದ ಮೀಟಿ ತೆಗೆದರು. ನಾಲ್ಕನೆಯದನ್ನು ಹಾಕಿದಾಗ ಪರದೆಯ ಮೂಲೆಯಲ್ಲಿ ಸ್ಪೀಕರಿನ ಪುಟ್ಟ ಚಿತ್ರವೊಂದು ಮೂಡಿತು. ಆಗ್ಲಪ್ಪನಿಗೆ ಹೋದ ಜೀವ ಬಂದಂತಾಯಿತು. ಅವನು ಸ್ಪೀಕರಿನ ದನಿಯನ್ನು ಕೊನೆಯವರೆಗೆ ತಿರುಗಿಸಿಟ್ಟ.

ನಾಲ್ಕು ಗಂಟೆ. ಬಾಗಿಲು ತೆರೆಯಿತು. ಅಮ್ಮನವರು ಒಂದು ಕಾಗದ ಹಿಡಿದು ಹೊರಬಂದರು. ಮುಖ ಏನೋ ಬೇರೆಯೇ ಆಗಿತ್ತು, ಕೆನ್ನೆಯ ಮೇಲೆ ಮೇಜಿನ ಅಂಚಿನ ಗೆರೆ ಮೂಡಿತ್ತು. ಅವರು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು ಕಣ್ಸನ್ನೆ ಮಾಡಿದರು. ಆಗ್ಲಪ್ಪ ಗುಂಡಿ ಒತ್ತಿದ.

ಸೂರು ಹಾರಿಹೋಗುವಂಥ ಕೆಮ್ಮು. "ಹೊತ್ತಾಯ್ತು! ಕೆಲಸ ನೋಡಿ!"

ಅಮ್ಮನವರು ಬೆಚ್ಚಿಬಿದ್ದು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನಿಂದ ಎರಡು ಹನಿ ಇಳಿಯಿತು. ಟೀ ಅಕ್ಕ ಬಿಕ್ಕಿ ಅತ್ತಳು. ಮ್ಯಾನೇಜರು ಚಪ್ಪಾಳೆ ತಟ್ಟಿದರು, ಮಗ್ಗದವರು ತಟ್ಟಿದರು, ಏನೆಂದು ಗೊತ್ತಿಲ್ಲದ ಮೇಷ್ಟ್ರೂ ತಟ್ಟಿದರು.

"ಆಗ್ಲಪ್ಪಾನೇ ಅಮ್ಮಾ! ಜೀವ ಒತ್ತೆಯಿಟ್ಟು ದೊಡ್ಡೋರನ್ನ ವಾಪಸ್ ತಂದಿದಾರೆ!" ಎಂದು ಮ್ಯಾನೇಜರು ಅವನನ್ನು ಮುಂದಕ್ಕೆ ತಳ್ಳಿದರು.

"ನೀವು ಒಳಗೆ ಬನ್ನಿ" ಅಂದರು ಅಮ್ಮನವರು.

ಹೆಂಡತಿ ಡಿಸ್ಕುಗಳ ನಡುವಿನಿಂದ ಕಣ್ಣಲ್ಲೇ ಶುಭ ಹಾರೈಸಿದಳು. ಒಳಗೆ ಹೋಗಿ ಬಾಗಿಲು ಹಾಕಿದ ಮೇಲೆ ಅಮ್ಮನವರು ಆ ಕಾಗದವನ್ನು ಮೇಜಿನ ಮೇಲಿಟ್ಟರು. ತಲೆಕೆಳಗಾಗಿದ್ದರೂ ಆಗ್ಲಪ್ಪನಿಗೆ ಓದಲು ಬಂತು. ನಮೂನೆ ವಿಭಾಗದ ಮುಖ್ಯಸ್ಥರು ಎಂದಿತ್ತು, ಎದುರಿಗೆ ಅವನದೇ ಹೆಸರಿತ್ತು. ಎದೆ ಉಬ್ಬಿಬಂತು.

"ಬೆಳಗ್ಗೆ ಅದರ ಬಾಯಿ ಮುಚ್ಚಿಸಿದ್ದು ನೀವೇ ಅಲ್ವಾ?"

"ತಪ್ಪಾಯ್ತಮ್ಮಾ. ಆಗ್ಲಿ ಅಂತ ಒತ್ತಿಬಿಟ್ಟೆ. ಆದ್ರೆ ಮತ್ತೆ ಮಾತಾಡೋ ಹಾಗೆ ಮಾಡಿದ್ದೂ ನಾನೇ ಅಮ್ಮಾ."

ಅಮ್ಮನವರು ಕುರ್ಚಿಗೊರಗಿದರು. "ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ. ಏಳೋದು ಐದು ನಿಮಿಷ ತಡವಾದ್ರೆ 'ಹೊತ್ತಾಯ್ತು.' ಅಡುಗೆಗೆ ಉಪ್ಪು ಹಾಕಿದ್ರೆ 'ತಪ್ಪು, ಮತ್ತೆ ನೋಡು.' ಬಟ್ಟೆ ಮಡಿಸಿದ್ರೆ 'ತಪ್ಪು, ಮತ್ತೆ ನೋಡು.' ಒಳ್ಳೆಯವರೇ, ಇಲ್ಲ ಅನ್ನಲ್ಲ. ಹೋದ ಮೇಲಾದ್ರೂ ಸ್ವಲ್ಪ ಸುಮ್ಮನಿರ್ತಾರೆ ಅಂದ್ಕೊಂಡಿದ್ದೆ. ಮರುದಿನ ಇಲ್ಲಿಗೆ ಬಂದ್ರೆ ನೀವೆಲ್ಲ ಎದ್ದು ನಿಂತು ಅದನ್ನೇ ಕೇಳಿಸ್ಕೊಳ್ತಾ ಇದೀರಿ!"

ಆಗ್ಲಪ್ಪ ಇಂಗು ತಿಂದ ಮಂಗನಂತೆ ನಿಂತ.

"ಆರು ವರ್ಷದಿಂದ ದಿನಾ ಹತ್ತು ಗಂಟೆಗೆ ಕಣ್ಣು ಮುಚ್ಚಿ ಸಹಿಸ್ಕೊಂಡಿದೀನಿ. ಮಗ್ಗದ ಕಂಪನಿಯವರು ಹೊಸ ಪ್ರೋಗ್ರಾಂ ಕೊಡ್ತೀವಿ ಅಂತ ಬರೀತಾನೇ ಇದ್ದಾರೆ. ಬದಲಾಯಿಸಿ ಅಂತ ನಾನು ಹೇಗೆ ಹೇಳ್ಲಿ? ಗಂಡನ ದನೀನೇ ನಿಲ್ಲಿಸಿದ್ಲು ಅಂತ ಜನ ಆಡ್ಕೊಳ್ಳಲ್ವಾ? ಇವತ್ತು ನೀವೇ ನಿಲ್ಲಿಸಿದ್ರಿ. ನಾನು ಬಾಗಿಲು ಹಾಕ್ಕೊಂಡು ಮೇಜಿನ ಮೇಲೇ ಒಂದು ಗಂಟೆ ನಿದ್ದೆ ಮಾಡ್ದೆ. ಎದ್ದು ಹಾಡ್ಕೊಂಡೆ ಕಣ್ರೀ, ಮದುವೆಗೆ ಮುಂಚೆ ಹಾಡ್ತಿದ್ದ ಹಾಡು. ನನಗೆ ಇಷ್ಟು ದೊಡ್ಡ ಉಪಕಾರ ಮಾಡಿದವರು ಮುಖ್ಯಸ್ಥರಾಗ್ಲಿ ಅಂತ ಈ ಕಾಗದ ಮಾಡಿಸಿದೆ. ನಿಧಾನವಾಗಿ ಮಾಡಿ ಅಂತ ಬೇರೆ ಹೇಳಿದ್ದೆ."

"ಈಗಲೇ ಮತ್ತೆ ತೆಗೀತೀನಮ್ಮಾ!" ಆಗ್ಲಪ್ಪ ಬಾಗಿಲ ಕಡೆ ತಿರುಗಿದ. "ಹತ್ತೇ ನಿಮಿಷ!"

"ಹೇಗೆ ತೆಗೀತೀರಿ? ಅಷ್ಟು ಜನ ಚಪ್ಪಾಳೆ ಹೊಡೆದಾಯ್ತಲ್ಲ."

ಬಾಗಿಲು ಬಡಿದ ಸದ್ದಾಯಿತು. ಮ್ಯಾನೇಜರು ತಲೆ ಒಳಗೆ ಹಾಕಿದರು. ಮುಖ ಭಕ್ತಿಯಿಂದ ಬೆಳಗುತ್ತಿತ್ತು. "ಅಮ್ಮಾ, ಇವತ್ತು ನೀವು ಪಟ್ಟ ಸಂಕಟ ನೋಡಿ ಎಲ್ಲರೂ ಸೇರಿ ತೀರ್ಮಾನ ಮಾಡಿದೀವಿ. ಇನ್ನೊಂದು ಸ್ಪೀಕರು ನಿಮ್ಮ ಕೋಣೇಲೇ ಹಾಕ್ತೀವಿ. ವೈರು ಎಳೀತಾ ಇದಾರೆ."

ತಲೆ ಹೊರಗೆ ಹೋಯಿತು. ಹೊರಗೆ ಯಾರೋ ತಪ್ಪು ಗುಂಡಿ ಒತ್ತಿರಬೇಕು, "ತಪ್ಪು! ಮತ್ತೆ ನೋಡು!" ಎಂಬ ದನಿ ಗೋಡೆ ದಾಟಿ ಬಂತು. ಅಮ್ಮನವರು ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಇನ್ನೊಂದು ಬಿಳಿ ಹಾಳೆ ತೆಗೆದು ಪೆನ್ನಿನ ಟೊಪ್ಪಿ ಬಿಚ್ಚಿದರು.

"ನೀವಿನ್ನು ಹೊರಡಿ" ಅಂದರು. "ಹೋಗ್ತಾ ಆ ಸ್ಟೋರ್ ಕೀಪರನ್ನ ಒಳಗೆ ಕಳಿಸಿ. ಅವರು ಬೆಳಗ್ಗೆಯಿಂದ ಏನೂ ಮಾಡಿಲ್ಲ ಅಂತ ಕೇಳಿದೆ."